ಬೇಡಿಕೆಯ ಲೆಕ್ಕ, ಬೆಟ್ಟದ ಲೆಕ್ಕ

(ರಕ್ಷಿತ ಅರಣ್ಯಗಳಲ್ಲಿ ಪರಿಸರ ಪ್ರವಾಸೋದ್ಯಮದ ಸಾಧ್ಯತೆಯನ್ನು ಅಳೆಯುವ ಬಗೆ ಕುರಿತ ಉಪನ್ಯಾಸದ ಲಿಖಿತ ರೂಪ)



ಮಲೆನಾಡಿನ ಕೃಷಿಕ ತನ್ನ ಕೊಟ್ಟಿಗೆಯಲ್ಲಿ ಎಷ್ಟು ದನ ಕಟ್ಟಬೇಕೆಂಬುದನ್ನು ಮಳೆಗಾಲದ ಹುಲ್ಲನ್ನು ಕಂಡು ನಿರ್ಧರಿಸುವುದಿಲ್ಲ. ಶ್ರಾವಣದಲ್ಲಿ ಬ್ಯಾಣದ ತುಂಬ ಹುಲ್ಲು ಮೊಣಕಾಲೆತ್ತರ ಬೆಳೆದಿರುತ್ತದೆ. ಅದನ್ನು ನೋಡಿ ಹತ್ತು ದನ ಕಟ್ಟಿದವನು ಬೇಸಿಗೆಯಲ್ಲಿ ಅವುಗಳ ಎಲುಬು ಎಣಿಸಬೇಕಾಗುತ್ತದೆ. ಆದ್ದರಿಂದ ಅವನ ಲೆಕ್ಕ ಬೇಸಿಗೆಯದು. ಅಂಗಳದ ಗೊಣಬೆಯಲ್ಲಿ ಎಷ್ಟು ಹುಲ್ಲಿದೆ, ಮೇ ತಿಂಗಳು ಮುಗಿಯುವವರೆಗೆ ಅದು ಎಷ್ಟು ಬಾಯಿಗೆ ಸಾಲುತ್ತದೆ ಎಂಬುದೇ ದನಗಳ ಸಂಖ್ಯೆಯನ್ನು ನಿರ್ಣಯಿಸುತ್ತದೆ. ವರ್ಷದ ಅತ್ಯಂತ ಕಠಿಣ ದಿನಕ್ಕೆ ಹೊಂದುವ ಸಂಖ್ಯೆಯೇ ಸರಿಯಾದ ಸಂಖ್ಯೆ ಎಂಬ ಈ ತಿಳಿವಳಿಕೆ ಯಾವ ವಿಶ್ವವಿದ್ಯಾಲಯದಿಂದಲೂ ಬಂದದ್ದಲ್ಲ.

ರಾಷ್ಟ್ರೀಯ ಉದ್ಯಾನ ಮತ್ತು ವನ್ಯಜೀವಿಧಾಮಗಳಲ್ಲಿ ಪ್ರವಾಸೋದ್ಯಮದ ಸಾಧ್ಯತೆಯನ್ನು ಅಳೆಯುವಾಗ ಈ ಸರಳ ತಿಳಿವಳಿಕೆಯನ್ನು ತಿರುವುಮುರುವು ಮಾಡಲಾಗುತ್ತಿದೆ. ಎಷ್ಟು ಜನ ಬರಬಯಸುತ್ತಾರೆ ಎಂಬ ಪ್ರಶ್ನೆಯಿಂದ ಆರಂಭವಾಗುವ ಯೋಜನಾ ವರದಿಗಳು ಅವರಿಗೆ ಬೇಕಾದ ರಸ್ತೆ, ವಸತಿ, ವಾಹನ ನಿಲುಗಡೆಗಳನ್ನು ಪಟ್ಟಿ ಮಾಡಿ, ಕೊನೆಯ ಅಧ್ಯಾಯದಲ್ಲಿ ಪರಿಸರದ ಮೇಲಿನ ಪರಿಣಾಮವನ್ನು ತಗ್ಗಿಸುವ ಬಗ್ಗೆ ನಾಲ್ಕು ಮಾತು ಬರೆದು ಮುಗಿಯುತ್ತವೆ. ಮೊದಲು ಕೇಳಬೇಕಾದ ಪ್ರಶ್ನೆ ಕೊನೆಗೆ ಬಂದಾಗ ಉತ್ತರವೂ ತಪ್ಪಾಗುತ್ತದೆ. ಬೇಡಿಕೆಯನ್ನು ಅಳೆಯುವುದು ಹೇಗೆ, ಬೆಟ್ಟದ ಶಕ್ತಿಯನ್ನು ಅಳೆಯುವುದು ಹೇಗೆ, ಇವೆರಡರಲ್ಲಿ ಯಾವುದರ ಮಾತು ನಡೆಯಬೇಕು ಎಂಬುದೇ ಇಂದಿನ ವಿಷಯ.

ಒಂದು ವಾರಾಂತ್ಯದ ಪಾಠ

2024ರ ಜನವರಿಯ ಕೊನೆಯ ವಾರ. ಗಣರಾಜ್ಯೋತ್ಸವದ ರಜೆಯೊಡನೆ ವಾರಾಂತ್ಯ ಕೂಡಿಬಂದಿತ್ತು. ಪುಷ್ಪಗಿರಿ ವನ್ಯಜೀವಿಧಾಮದ ಕುಮಾರಪರ್ವತಕ್ಕೆ ಸಾವಿರಾರು ಚಾರಣಿಗರು ಒಮ್ಮೆಲೇ ಬಂದಿಳಿದರು. ಒಬ್ಬರ ಹಿಂದೆ ಒಬ್ಬರು ಅಲುಗಾಡಲೂ ಆಗದಂತೆ ನಿಂತಿದ್ದ ಸಾಲುಗಳ ಚಿತ್ರಗಳು ರಾಜ್ಯದಾದ್ಯಂತ ಹರಿದಾಡಿದವು. ಅದರ ಬೆನ್ನಿಗೇ ಮುಂಗಡ ನೋಂದಣಿಯ ವ್ಯವಸ್ಥೆ ಇಲ್ಲದ ಚಾರಣಪಥಗಳನ್ನು ಸರ್ಕಾರ ತಾತ್ಕಾಲಿಕವಾಗಿ ಮುಚ್ಚಿಸಿತು. ಪಥವೊಂದಕ್ಕೆ ದಿನಕ್ಕೆ ಗರಿಷ್ಠ 300 ಮಂದಿ ಎಂಬ ಮಿತಿಯೂ ಆನ್‌ಲೈನ್ ಮುಂಗಡ ನೋಂದಣಿಯೂ ಅದರ ಫಲವಾಗಿ ಬಂದವು.

ಮಿತಿಯೇ ಇಲ್ಲದಿದ್ದ ಕಡೆ ಮಿತಿಯೊಂದು ಬಂದದ್ದು ಸ್ವಾಗತಾರ್ಹ. ಆದರೆ ಪಥಗಳು ಒಂದೇ ಬಗೆಯವಲ್ಲ. ಬಂಡೆಯ ಮೇಲೆ ಸಾಗುವ ದಾರಿ ಬೇರೆ, ಶೋಲಾ ಕಾಡಿನ ತೊರೆಯನ್ನು ನಾಲ್ಕು ಬಾರಿ ದಾಟುವ ದಾರಿ ಬೇರೆ, ಹುಲ್ಲುಗಾವಲಿನ ನೆತ್ತಿಯ ಮೇಲೆ ಹಾಯುವ ದಾರಿ ಬೇರೆ. ಜನವರಿಯ ಒಣ ನೆಲಕ್ಕೂ ಜುಲೈ ತಿಂಗಳ ನೆನೆದ ನೆಲಕ್ಕೂ ಒಂದೇ ಸಂಖ್ಯೆ ಹೊಂದಲಾರದು. ಹೀಗಾಗಿ 300 ಎಂಬುದನ್ನು ಚರ್ಚೆಯ ಆರಂಭವೆಂದು ತಿಳಿಯಬೇಕೇ ಹೊರತು ಅಂತ್ಯವೆಂದಲ್ಲ.

ಬೇಡಿಕೆಯನ್ನು ಅಳೆಯುವ ಬಗೆ

ಅಡಿಕೆಗೆ ಮಾರುಕಟ್ಟೆಯಿದೆ, ಧಾರಣೆಯಿದೆ. ಬೆಟ್ಟದ ತುದಿಯಲ್ಲಿ ನಿಂತು ಕಂಡ ಮಂಜಿಗೆ ಧಾರಣೆ ಕಟ್ಟುವುದು ಹೇಗೆ? ಈ ತೊಡಕಿಗೆ ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೊಟೆಲಿಂಗ್ 1947ರಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಗೆ ಬರೆದ ಪತ್ರವೊಂದರಲ್ಲಿ ಉಪಾಯ ಸೂಚಿಸಿದರು. ಸಂದರ್ಶಕ ಅಲ್ಲಿಗೆ ತಲುಪಲು ಮಾಡುವ ವೆಚ್ಚವೇ ಅವನು ತೆರುವ ಬೆಲೆ ಎಂದು ಭಾವಿಸಬಹುದು ಎಂಬುದು ಅದರ ಸಾರ. ಮರಿಯನ್ ಕ್ಲಾಸನ್ 1959ರಲ್ಲಿ ಅದನ್ನು ವಿಧಾನವಾಗಿ ಬೆಳೆಸಿದರು. ಇಂದು ಅದು ಪ್ರಯಾಣ ವೆಚ್ಚ ವಿಧಾನವೆಂದು ಹೆಸರಾಗಿದೆ. ಉದ್ಯಾನದ ಸುತ್ತಲಿನ ಪ್ರದೇಶವನ್ನು ದೂರಕ್ಕೆ ತಕ್ಕಂತೆ ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯದ ಸಾವಿರ ಜನಸಂಖ್ಯೆಗೆ ಎಷ್ಟು ಮಂದಿ ಬರುತ್ತಾರೆ, ಅವರ ಬಸ್ಸು, ಇಂಧನ, ಊಟ, ವಸತಿ, ಕಳೆದ ಕೆಲಸದ ವೇಳೆ ಇವುಗಳ ವೆಚ್ಚ ಎಷ್ಟು ಎಂದು ಲೆಕ್ಕಹಾಕಿದರೆ, ವೆಚ್ಚ ಏರಿದಂತೆ ಬರುವವರ ಪ್ರಮಾಣ ಹೇಗೆ ಇಳಿಯುತ್ತದೆ ಎಂಬ ರೇಖೆ ದೊರಕುತ್ತದೆ. ಅದೇ ಬೇಡಿಕೆಯ ರೇಖೆ.

ಈ ರೇಖೆ ಕಲಿಸುವ ಮೊದಲ ಪಾಠ ಪ್ರವೇಶ ಶುಲ್ಕದ ಬಗ್ಗೆ. ಬೆಂಗಳೂರಿನಿಂದ ಕುದುರೆಮುಖಕ್ಕೆ 300 ಕಿ.ಮೀ.ಗೂ ಮಿಕ್ಕಿದ ದಾರಿ. ಒಬ್ಬ ಚಾರಣಿಗನ ಒಟ್ಟು ವೆಚ್ಚ 5,000 ರೂಪಾಯಿ, ಅದರಲ್ಲಿ ಶುಲ್ಕ 500 ರೂಪಾಯಿ ಎಂದು ಉದಾಹರಣೆಗೆ ಭಾವಿಸಬಹುದು. ಶುಲ್ಕವನ್ನು ಇಮ್ಮಡಿಗೊಳಿಸಿದರೂ ಅವನ ಒಟ್ಟು ವೆಚ್ಚ ಏರುವುದು ಶೇ. 10ರಷ್ಟು ಮಾತ್ರ. ಅಷ್ಟಕ್ಕೆ ಅವನು ಪ್ರವಾಸ ರದ್ದು ಮಾಡಲಾರ. ಆದರೆ ಕಳಸದಿಂದಲೋ ಮೂಡಿಗೆರೆಯಿಂದಲೋ ಬರುವ ಕಾಲೇಜು ವಿದ್ಯಾರ್ಥಿಯ ಒಟ್ಟು ವೆಚ್ಚದಲ್ಲಿ ಶುಲ್ಕವೇ ಬಹುಪಾಲು. ಅವನು ಹಿಂದೆ ಸರಿಯುತ್ತಾನೆ. ಶುಲ್ಕವನ್ನೇರಿಸಿ ಜನಸಂದಣಿ ತಗ್ಗಿಸುತ್ತೇವೆಂಬ ನೀತಿಯಿಂದ ಸಂದಣಿ ತಗ್ಗುವುದಿಲ್ಲ. ಬೆಟ್ಟದ ಬುಡದವನು ಬೆಟ್ಟದಿಂದ ದೂರವಾಗುತ್ತಾನೆ, ಅಷ್ಟೆ. ಸಂಖ್ಯೆಯನ್ನು ಹಿಡಿದಿಡಬೇಕಾದರೆ ಸಂಖ್ಯೆಗೇ ಮಿತಿ ಹಾಕಬೇಕು. ಆ ಮಿತಿಯೊಳಗೆ ಸ್ಥಳೀಯರಿಗೆ ಹಾಗೂ ವಿದ್ಯಾರ್ಥಿಗಳಿಗೆ ಪಾಲು ಕಾದಿರಿಸಬೇಕು.

ಎರಡನೆಯ ಪಾಠ ಗೇಟಿನ ಬಳಿ ಬಾರದವರ ಬಗ್ಗೆ. ಮುಂಬಯಿಯ ಬೋರಿವಿಲಿ ಉದ್ಯಾನದ ಕುರಿತು 1997ರಲ್ಲಿ ಪ್ರಕಟವಾದ ಅಧ್ಯಯನವೊಂದು ನಗರದ ಕುಟುಂಬಗಳನ್ನು ನೇರವಾಗಿ ಕೇಳಿತು: ಈ ಕಾಡಿನ ಉಳಿವಿಗಾಗಿ ತಿಂಗಳಿಗೆ ಎಷ್ಟು ಹಣ ನೀಡಲು ಸಿದ್ಧರಿದ್ದೀರಿ? ಕುಟುಂಬವೊಂದರ ಸರಾಸರಿ ಉತ್ತರ 7.50 ರೂಪಾಯಿ. ಮೊತ್ತ ಚಿಕ್ಕದೆನಿಸಬಹುದು. ಮಹಾನಗರದ ಎಲ್ಲ ಕುಟುಂಬಗಳನ್ನೂ ಕೂಡಿಸಿದಾಗ ಅದು ಚಿಕ್ಕದಲ್ಲ. ಕಾಡನ್ನು ನೋಡಲು ಬರುವವರಷ್ಟೇ ಕಾಡಿಗೆ ಬೆಲೆ ಕೊಡುವವರಲ್ಲ ಎಂಬುದೇ ಅದರ ತಾತ್ಪರ್ಯ. ತುಂಗೆ, ಭದ್ರೆಯರು ಹುಟ್ಟುವ ಗಂಗಾಮೂಲವನ್ನು ಎಂದೂ ಕಂಡಿರದ ರೈತ ಭದ್ರಾ ಅಚ್ಚುಕಟ್ಟಿನಲ್ಲಿ ನೀರು ಕಟ್ಟುತ್ತಿದ್ದಾನೆ. ನೇತ್ರಾವತಿಯ ಮೂಲವನ್ನು ನೋಡದ ಮಂಗಳೂರಿನ ಗೃಹಿಣಿ ಅದೇ ಹೊಳೆಯ ನೀರನ್ನು ಒಲೆಯ ಮೇಲಿಡುತ್ತಿದ್ದಾಳೆ. ಬೇಡಿಕೆಯ ಸಮೀಕ್ಷೆ ಇವರ ಬಳಿ ಹೋಗುವುದೇ ಇಲ್ಲ. ಶನಿವಾರ ಬೆಳಿಗ್ಗೆ ತನಿಖಾ ಠಾಣೆಯ ಬಳಿ ನಿಂತು ವಾಹನ ಎಣಿಸಿದವರಿಗೆ ದೊರಕುವುದು ಕಾಡಿನ ಮೇಲಿರುವ ಬೇಡಿಕೆಯ ಒಂದು ಚೂರು ಮಾತ್ರ.

ಎಷ್ಟು ಮಂದಿ ಎಂಬುದಕ್ಕಿಂತ ಏಕೆ ಎಂಬುದು

ಬರುವವರಾದರೂ ಒಂದೇ ಕಾರಣಕ್ಕೆ ಬರುವುದಿಲ್ಲ. ಶೃಂಗೇರಿ, ಹೊರನಾಡು, ಕಳಸಗಳ ದೇವದರ್ಶನಕ್ಕೆ ಬಂದು ದಾರಿಯಲ್ಲಿ ಜಲಪಾತ ನೋಡಿಹೋಗುವ ಕುಟುಂಬವಿದೆ. ತಂಪು ಗಾಳಿ, ಹಸಿರು, ಬಿಸಿ ಕಾಫಿ ಇಷ್ಟೇ ಸಾಕೆನ್ನುವ ನಗರವಾಸಿಗಳಿದ್ದಾರೆ. ಶಿಖರ ಏರಿದ ತೃಪ್ತಿಗಾಗಿ ಬರುವ ತರುಣರಿದ್ದಾರೆ. ಸಿಂಗಳೀಕವನ್ನೋ ಮಲೆದಾಸ ಮಂಗಟ್ಟೆಯನ್ನೋ ನೋಡಲು ದಿನಗಟ್ಟಲೆ ಮೌನವಾಗಿ ಕಾಯುವ ಕೆಲವರೂ ಇದ್ದಾರೆ. ಇವರೆಲ್ಲರನ್ನೂ ‘ಪರಿಸರ ಪ್ರವಾಸಿಗರು’ ಎಂಬ ಒಂದೇ ಕಾಲಂನಲ್ಲಿ ಬರೆದು ಕೂಡಿಸಿದರೆ ಬೃಹತ್ ಸಂಖ್ಯೆಯೊಂದು ಸಿಗುತ್ತದೆ. ಆ ಸಂಖ್ಯೆಯನ್ನು ತೋರಿಸಿ ರಾಷ್ಟ್ರೀಯ ಉದ್ಯಾನದೊಳಗೆ ರಸ್ತೆ ಅಗಲಿಸಬಹುದು.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಪ್ರಶ್ನೆ ಕೇಳಿದರೆ ಚಿತ್ರ ಬದಲಾಗುತ್ತದೆ. ‘ನೀವು ಬಯಸಿದ್ದು ರಕ್ಷಿತ ಅರಣ್ಯದೊಳಗೆ ಮಾತ್ರ ಸಿಗುವಂಥದೋ, ಹೊರಗೂ ಸಿಗುವಂಥದೋ?’ ತಂಪು, ಹಸಿರು, ಹೊಳೆಯ ಸದ್ದು, ಮಲೆನಾಡಿನ ಊಟ ಇವೆಲ್ಲ ಕಾಫಿ ತೋಟದಲ್ಲಿ, ಅಡಿಕೆ ತೋಟದಂಚಿನ ಮನೆಯಲ್ಲಿ, ಕೆರೆಯ ದಂಡೆಯಲ್ಲಿ ದೊರಕುತ್ತವೆ. ಈ ಬೇಡಿಕೆಯನ್ನು ಪೂರೈಸಲು ಸಿಂಗಳೀಕದ ನೆಲೆಯೇ ಬೇಕೆಂದಿಲ್ಲ. ರಕ್ಷಿತ ಅರಣ್ಯದ ಬಾಗಿಲು, ಅಲ್ಲಿ ಮಾತ್ರ ಕಾಣಲು ಸಾಧ್ಯವಾದುದನ್ನು ಕಾಣಬಂದವರಿಗೆ ಮೊದಲು ತೆರೆಯಬೇಕು. ಮೆಕ್ಸಿಕೋದ ಹೆಕ್ತೋರ್ ಸೆಬಾಯೋಸ್ ಲಾಸ್ಕುರೈನ್ 1983ರಲ್ಲಿ ಪರಿಸರ ಪ್ರವಾಸೋದ್ಯಮ ಎಂಬ ಮಾತನ್ನು ಬಳಕೆಗೆ ತಂದಾಗ, ನಿಸರ್ಗವನ್ನು ಅರಿಯುವ, ಸವಿಯುವ ಪ್ರವಾಸವೇ ಅದರ ಅರ್ಥವಾಗಿತ್ತು. ಇಂದು ಕಾಡಿನಂಚಿನ ಈಜುಕೊಳದ ಪಕ್ಕದಲ್ಲೂ ಅದೇ ಫಲಕ ತೂಗುತ್ತಿದೆ.

ಬೆಟ್ಟದ ಶಕ್ತಿ

ಕೃಷಿ ವಿಜ್ಞಾನದಲ್ಲಿ ಭೂಸಾಮರ್ಥ್ಯ ವರ್ಗೀಕರಣ ಎಂಬ ಹಳೆಯ ಪದ್ಧತಿಯಿದೆ. ಇಳಿಜಾರು, ಮಣ್ಣಿನ ಆಳ, ಸವಕಳಿ, ಬಸಿಯುವಿಕೆ ಇವುಗಳನ್ನು ಪರೀಕ್ಷಿಸಿ ನೆಲವನ್ನು ಎಂಟು ವರ್ಗಗಳಾಗಿ ವಿಂಗಡಿಸಲಾಗುತ್ತದೆ. ಮೊದಲ ನಾಲ್ಕು ಉಳುಮೆಗೆ, ಮುಂದಿನ ಮೂರು ಹುಲ್ಲು ಹಾಗೂ ಮರಗಳಿಗೆ, ಎಂಟನೆಯದು ವನ್ಯಜೀವಿ ಮತ್ತು ಜಲಮೂಲಗಳಿಗೆ. ಈ ವರ್ಗೀಕರಣದಲ್ಲಿ ಭತ್ತದ ಧಾರಣೆಗೆ ಸ್ಥಾನವೇ ಇಲ್ಲ. ಪೇಟೆಯಲ್ಲಿ ಭತ್ತಕ್ಕೆ ಎಷ್ಟೇ ಬೇಡಿಕೆಯಿರಲಿ, ಏಳನೆಯ ವರ್ಗದ ಇಳಿಜಾರು ಮೂರನೆಯ ವರ್ಗದ ಗದ್ದೆಯಾಗುವುದಿಲ್ಲ. ಪ್ರವಾಸೋದ್ಯಮದ ಯೋಜನೆಗೂ ಇಂಥದೇ ಶಿಸ್ತು ಅಗತ್ಯ.

ಈ ದಿಕ್ಕಿನಲ್ಲಿ ಮಿಗೆಲ್ ಸಿಫುಯೆಂತೆಸ್ 1992ರಲ್ಲಿ ಪ್ರಕಟಿಸಿದ ಧಾರಣಾ ಸಾಮರ್ಥ್ಯದ ವಿಧಾನ ಬಹುವಾಗಿ ಬಳಕೆಯಲ್ಲಿದೆ. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ 2012ರ ಮಾರ್ಗಸೂಚಿಯೂ ಈ ಮಾದರಿಯನ್ನೇ ಅನುಸರಿಸಿತು. ಧೂಳು ತಪ್ಪಿಸಲು ಎರಡು ವಾಹನಗಳ ನಡುವೆ 500 ಮೀಟರ್ ಅಂತರವಿರಬೇಕೆಂಬ ಲೆಕ್ಕವೂ, ಹುಲಿ ಯೋಜನಾ ಪ್ರದೇಶದ ಕೇಂದ್ರಭಾಗದ ಶೇ. 20ಕ್ಕಿಂತ ಹೆಚ್ಚು ಜಾಗವನ್ನು ಪ್ರವಾಸಕ್ಕೆ ಬಳಸಕೂಡದೆಂಬ ಮಿತಿಯೂ ಅಲ್ಲಿವೆ. ಕುದುರೆಮುಖ ಹುಲಿ ಯೋಜನಾ ಪ್ರದೇಶವಲ್ಲವಾದರೂ ಲೆಕ್ಕದ ಕ್ರಮ ಎಲ್ಲೆಡೆಗೂ ಅನ್ವಯಿಸುತ್ತದೆ.

ವಿಧಾನ ಸರಳ. 8 ಕಿ.ಮೀ. ಉದ್ದದ ಕಾಲುದಾರಿಯೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಹತ್ತು ಮಂದಿಯ ತಂಡ, ತಂಡದಿಂದ ತಂಡಕ್ಕೆ ಅಂತರ ಸೇರಿ 200 ಮೀಟರ್ ಬೇಕು, ದಿನಕ್ಕೆ ಒಂದೇ ಸರದಿ ಎಂದಿಟ್ಟರೆ 40 ತಂಡ, ಅಂದರೆ 400 ಮಂದಿ. ಇದು ಭೌತಿಕ ಸಾಮರ್ಥ್ಯ. ಅನೇಕ ವರದಿಗಳ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ. ನಿಜವಾದ ಲೆಕ್ಕ ಆರಂಭವಾಗುವುದು ಇಲ್ಲಿಂದ. ವರ್ಷದ ನಾಲ್ಕು ತಿಂಗಳು ನೆಲ ನೆನೆದು ಮೆತ್ತಗಿರುತ್ತದೆ, ಉಳಿಯುವುದು 0.67 ಭಾಗ. ದಾರಿಯ ಕಾಲುಭಾಗ ಕಡಿದಾದ, ಸವೆಯುವ ಇಳಿಜಾರು, ಉಳಿಯುವುದು 0.75. ಪ್ರಾಣಿಗಳ ಸಂತಾನೋತ್ಪತ್ತಿಯ ಎರಡು ತಿಂಗಳು ಬಿಟ್ಟರೆ ಉಳಿಯುವುದು 0.83. ಮೂರನ್ನೂ ಗುಣಿಸಿದಾಗ 400 ಎಂಬುದು 167ಕ್ಕೆ ಇಳಿಯುತ್ತದೆ. ಇದು ವಾಸ್ತವ ಸಾಮರ್ಥ್ಯ. ಇನ್ನು ಅಗತ್ಯವಿರುವ ಹತ್ತು ಸಿಬ್ಬಂದಿಯಲ್ಲಿ ಆರು ಮಂದಿ ಮಾತ್ರ ಇದ್ದರೆ ಅದರ 0.6 ಭಾಗ, ಅಂದರೆ ಸುಮಾರು 100. ಇದು ಪರಿಣಾಮಕಾರಿ ಸಾಮರ್ಥ್ಯ.

400ರಿಂದ 100ಕ್ಕೆ ಇಳಿಸಿದ್ದು ಮಳೆ, ಇಳಿಜಾರು, ಪ್ರಾಣಿ ಹಾಗೂ ಸಿಬ್ಬಂದಿಯ ಕೊರತೆ. ಕಾವಲುಗಾರನ ಹುದ್ದೆಯೊಂದು ಖಾಲಿ ಬಿದ್ದರೆ ಬೆಟ್ಟದ ಸಾಮರ್ಥ್ಯವೂ ಅಷ್ಟರಮಟ್ಟಿಗೆ ಕುಗ್ಗುತ್ತದೆ ಎಂಬ ಅಂಶ ಗಮನಾರ್ಹ. ಹುದ್ದೆ ತುಂಬದೆ ಪ್ರವಾಸಿಗರ ಸಂಖ್ಯೆಯನ್ನು ಏರಿಸುವ ಆದೇಶ ಈ ಲೆಕ್ಕದ ಎದುರು ನಿಲ್ಲಲಾರದು.

ಸರಾಸರಿಯ ಮೋಸ

ಆದರೂ ಈ ಲೆಕ್ಕದಲ್ಲಿ ಒಂದು ದೋಷವಿದೆ. ಅದು ಸರಾಸರಿಯ ಲೆಕ್ಕ. ದಿನಕ್ಕೆ 100 ಎಂದಾಗ, ಸೋಮವಾರ ಹತ್ತೇ ಮಂದಿ ಬಂದಿದ್ದಾರೆ, ಉಳಿದ 90ನ್ನು ಶನಿವಾರಕ್ಕೆ ಸೇರಿಸಬಾರದೇಕೆ ಎಂಬ ವಾದ ಹುಟ್ಟಿಕೊಳ್ಳುತ್ತದೆ. ಮಣ್ಣು ಬ್ಯಾಂಕಿನ ಖಾತೆಯಲ್ಲ. ಅಡಿಕೆ ತೋಟದ ಬಸಿಗಾಲುವೆಯ ಅಗಲ, ಆಳಗಳನ್ನು ಯಾರೂ ವರ್ಷದ ಸರಾಸರಿ ಮಳೆಗೆ ತಕ್ಕಂತೆ ತೋಡುವುದಿಲ್ಲ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ಮೀರಿದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ಆ ಮಳೆಯ ಅತಿ ಜೋರಿನ ರಾತ್ರಿಗೆ ತಕ್ಕಂತೆ ತೋಡಿದ ಕಾಲುವೆ ಮಾತ್ರ ತೋಟವನ್ನು ಉಳಿಸುತ್ತದೆ.

ಪ್ರವಾಸಿಗರ ಬೇಡಿಕೆಯೂ ಹೀಗೆ ಕೆಲವೇ ದಿನಗಳಲ್ಲಿ ಸುರಿಯುತ್ತದೆ. ದೀರ್ಘ ವಾರಾಂತ್ಯ, ದಸರೆ, ವರ್ಷದ ಕೊನೆ. 2022ರಲ್ಲಿ ಚಿಕ್ಕಮಗಳೂರಿನ ಗಿರಿಶ್ರೇಣಿಯಲ್ಲಿ 12 ವರ್ಷಕ್ಕೊಮ್ಮೆ ಅರಳುವ ಕುರಿಂಜಿ ಅರಳಿದಾಗ ಅದನ್ನು ನೋಡಲು ಕಿಕ್ಕಿರಿದ ಜನರಿಗೆ ವಾರ್ಷಿಕ ಸರಾಸರಿ ಎಂಬುದಕ್ಕೆ ಅರ್ಥವೇ ಇರಲಿಲ್ಲ.

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಬೆಟ್ಟಗಳು ಅತ್ಯಂತ ಸುಂದರವಾಗಿ ಕಾಣುವುದು ಮಳೆಗಾಲದಲ್ಲಿ ಹಾಗೂ ಅದರ ಬೆನ್ನಿಗೆ. ಹಸಿರು, ಮಂಜು, ತುಂಬಿದ ತೊರೆಗಳನ್ನು ನೋಡಬಯಸುವವರ ಸಂಖ್ಯೆ ಆಗಲೇ ಹೆಚ್ಚು. ಅದೇ ಸಮಯದಲ್ಲಿ ನೆಲ ಅತ್ಯಂತ ದುರ್ಬಲವಾಗಿರುತ್ತದೆ. ಹಸಿ ಗದ್ದೆಗೆ ಭಾರದ ಗಾಡಿ ಇಳಿಸಬಾರದೆಂಬುದು ರೈತನಿಗೆ ಗೊತ್ತು. ನೆನೆದ ಮಣ್ಣನ್ನು ತುಳಿದಾಗ ಕಣಗಳ ನಡುವಿನ ಗಾಳಿಯ ಜಾಗ ಮುಚ್ಚಿ ಮಣ್ಣು ಬಿಗಿಯುತ್ತದೆ. ನೀರು ಇಂಗುವುದು ನಿಂತು ಮೇಲೆಯೇ ಹರಿಯುತ್ತದೆ. ಹುಲ್ಲಿನ ಬೇರು ಸಾಯುತ್ತದೆ, ಕಾಲುದಾರಿ ಕೊರಕಲಾಗುತ್ತದೆ. ಕೆಸರನ್ನು ತಪ್ಪಿಸಲು ಮುಂದಿನವನು ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾನೆ. ಹೀಗೆ ಒಂದು ಅಡಿಯ ದಾರಿ ಕೆಲವೇ ವರ್ಷಗಳಲ್ಲಿ ಹತ್ತು ಅಡಿಯ ಗಾಯವಾಗುತ್ತದೆ. ಬೇಡಿಕೆಯ ರೇಖೆಯ ಶಿಖರವೂ ಸಾಮರ್ಥ್ಯದ ರೇಖೆಯ ಕಣಿವೆಯೂ ಒಂದೇ ತಿಂಗಳಲ್ಲಿ ಬಂದು ನಿಲ್ಲುವುದೇ ಪಶ್ಚಿಮಘಟ್ಟದ ಪ್ರವಾಸೋದ್ಯಮದ ಮೂಲ ಸಮಸ್ಯೆ. ಭಾರಿ ಮಳೆಯ ದಿನಗಳಲ್ಲಿ ಜನರ ಸುರಕ್ಷತೆಗಾಗಿ ಚಾರಣ ನಿಲ್ಲಿಸುವುದುಂಟು. ಮಣ್ಣಿನ ಸುರಕ್ಷತೆಗಾಗಿಯೂ ನಿಲ್ಲಿಸಬೇಕೆಂಬುದು ಇನ್ನೂ ನಿಯಮವಾಗಬೇಕಿದೆ.

ನೆರೆಯ ಕೇರಳದಲ್ಲಿ ಇದಕ್ಕೊಂದು ಮೇಲ್ಪಂಕ್ತಿಯಿದೆ. 97 ಚದರ ಕಿ.ಮೀ. ವಿಸ್ತಾರದ ಇರವಿಕುಳಂ ರಾಷ್ಟ್ರೀಯ ಉದ್ಯಾನವನ್ನು ನೀಲಗಿರಿ ವರೆಯಾಡು ಮರಿ ಹಾಕುವ ಫೆಬ್ರುವರಿ, ಮಾರ್ಚ್ ಅವಧಿಯಲ್ಲಿ ಪ್ರತಿವರ್ಷ ಸಂದರ್ಶಕರಿಗೆ ಮುಚ್ಚಲಾಗುತ್ತದೆ. ಉಳಿದ ದಿನಗಳಲ್ಲೂ ಜನರಿಗೆ ಪ್ರವೇಶವಿರುವುದು ರಾಜಮಲೆಯ ಒಂದು ಭಾಗಕ್ಕೆ ಮಾತ್ರ, ಅದೂ ಇಲಾಖೆಯ ವಾಹನಗಳಲ್ಲಿ. ವರೆಯಾಡಿನ ಪಂಚಾಂಗವನ್ನು ಪ್ರವಾಸಿಗರ ಪಂಚಾಂಗ ಅನುಸರಿಸುತ್ತದೆ. ಮುನ್ನಾರಿಗೆ ಪ್ರವಾಸಿಗರು ಬರುವುದು ಇದರಿಂದೇನೂ ನಿಂತಿಲ್ಲ.

ಹಂಚಿದರೆ ಹಗುರವಾಗುವುದೇ?

ಒಂದು ದಾರಿಯಲ್ಲಿ ಜನ ಹೆಚ್ಚಾದರೆ ಇನ್ನೂ ಹತ್ತು ದಾರಿ ತೆರೆಯಿರಿ, ಒತ್ತಡ ಹಂಚಿಹೋಗುತ್ತದೆ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಕಾಲ್ತುಳಿತದ ಪರಿಣಾಮವನ್ನು ದಶಕಗಳ ಕಾಲ ಅಭ್ಯಸಿಸಿದ ಅಮೆರಿಕದ ಡೇವಿಡ್ ಕೋಲ್ ಮುಂತಾದ ವಿಜ್ಞಾನಿಗಳ ನಿಷ್ಕರ್ಷೆ ಇದಕ್ಕೆ ವಿರುದ್ಧವಾಗಿದೆ. ತುಳಿಯದ ನೆಲಕ್ಕೆ ಹೆಚ್ಚಿನ ಹಾನಿಯಾಗುವುದು ಮೊದಲ ಕೆಲವು ಹೆಜ್ಜೆಗಳಲ್ಲೇ. ಅನಂತರ ಹಾನಿಯ ವೇಗ ತಗ್ಗುತ್ತದೆ. ಸಾವಿರ ಮಂದಿಯನ್ನು ಒಂದೇ ದಾರಿಯಲ್ಲಿ ನಡೆಸಿದರೆ ಒಂದು ದಾರಿ ಕೆಡುತ್ತದೆ. ಹತ್ತು ದಾರಿಗಳಲ್ಲಿ ನಡೆಸಿದರೆ ಹತ್ತೂ ಕೆಡುತ್ತವೆ. ಅದರ ಜೊತೆಗೆ ಬೂಟಿನ ಅಡಿಯಲ್ಲಿ, ಜೀಪಿನ ಚಕ್ರದಲ್ಲಿ ಪಾರ್ಥೇನಿಯಂ, ಯುಪಟೋರಿಯಂ ಬೀಜಗಳೂ ಹತ್ತು ಕಡೆ ಪ್ರಯಾಣ ಬೆಳೆಸುತ್ತವೆ. ಆದ್ದರಿಂದ ಇರುವ ಕೆಲವೇ ದಾರಿಗಳನ್ನು ಕಲ್ಲು ಹಾಸಿ, ಅಡ್ಡಗಾಲುವೆ ತೋಡಿ ಗಟ್ಟಿಮಾಡಿ, ಉಳಿದ ಬೆಟ್ಟವನ್ನು ಅದರ ಪಾಡಿಗೆ ಬಿಡುವುದೇ ಲೇಸು.

ಸಂಖ್ಯೆಯೊಂದನ್ನು ನಿಗದಿಪಡಿಸಿ ಕೈತೊಳೆದುಕೊಳ್ಳುವುದೂ ಸಲ್ಲದು. ಅಮೆರಿಕದ ಅರಣ್ಯ ಸೇವೆಯ ಸಂಶೋಧಕರು 1985ರಲ್ಲಿ ಮುಂದಿಟ್ಟ ‘ಒಪ್ಪಬಹುದಾದ ಬದಲಾವಣೆಯ ಮಿತಿ’ ಎಂಬ ಕ್ರಮ ಇಲ್ಲಿ ಉಪಯುಕ್ತ. ಎಷ್ಟು ಮಂದಿ ಎಂಬುದರ ಬದಲು ಎಷ್ಟು ಬದಲಾವಣೆಯನ್ನು ಸಹಿಸಬಹುದು ಎಂದು ಅದು ಕೇಳುತ್ತದೆ. ಕಾಲುದಾರಿಯ ಅಗಲ, ಬರಿದಾದ ನೆಲದ ವಿಸ್ತೀರ್ಣ, ತೊರೆಯ ನೀರಿನ ಗುಣ, ಕಸದ ತೂಕ, ಪ್ರಾಣಿಗಳ ಸುಳಿವು ಇಂಥ ಕೆಲವು ಸೂಚಕಗಳನ್ನು ಆರಿಸಿ, ಪ್ರತಿಯೊಂದಕ್ಕೂ ಮಿತಿ ಹಾಕಿ, ಪ್ರತಿವರ್ಷ ಅಳೆದು, ಮಿತಿ ಮೀರಿದಾಗ ಜನಸಂಖ್ಯೆಯನ್ನು ತಗ್ಗಿಸಬೇಕು. ಇದಕ್ಕೆ ದುಬಾರಿ ಯಂತ್ರಗಳು ಬೇಡ. ಅಳತೆಯ ಟೇಪು, ಅದೇ ಜಾಗದಿಂದ ವರ್ಷಕ್ಕೊಮ್ಮೆ ತೆಗೆದ ಛಾಯಾಚಿತ್ರ, ಸಮೀಪದ ಕಾಲೇಜಿನ ವಿದ್ಯಾರ್ಥಿಗಳು ಸಾಕು.

ಊರಿನ ಲೆಕ್ಕ

ಬೆಟ್ಟದ ಬುಡದ ಊರುಗಳನ್ನು ಮರೆತು ಈ ವಿಷಯವನ್ನು ಮಾತನಾಡಲಾಗದು. ಕುದುರೆಮುಖದ ಸುತ್ತಲಿನವರು ಒಂದೇ ಉದ್ಯಮವನ್ನು ನಂಬುವುದರ ಫಲವನ್ನು ಒಮ್ಮೆ ಕಂಡಿದ್ದಾರೆ. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಅಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು. ಕಾಡಿನ ಹಾಗೂ ಭದ್ರೆಯ ದೃಷ್ಟಿಯಿಂದ ಅದು ಅನಿವಾರ್ಯವಾಗಿತ್ತು. ಆದರೆ ಗಣಿಯನ್ನೇ ನೆಚ್ಚಿದ್ದ ಪಟ್ಟಣ ಬರಿದಾಯಿತು. ಕಳಸ, ಶೃಂಗೇರಿ, ಕೊಪ್ಪ ಸೀಮೆಯ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ಕಾಡುತ್ತಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿದೆ. ತೋಟ ಕೈಕೊಟ್ಟಾಗ ಮನೆಯ ಎರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಟ್ಟು, ಜೀಪು ಓಡಿಸಿ ಸಂಸಾರ ತೂಗಿಸುತ್ತಿರುವ ಕುಟುಂಬಗಳಿವೆ. ಮಿತಿ ಎಂಬ ಮಾತು ಅವರ ಕಿವಿಗೆ ಅನ್ನಕ್ಕೆ ಕಲ್ಲು ಎಂಬಂತೆ ಕೇಳಿಸಿದರೆ ಆಶ್ಚರ್ಯವಿಲ್ಲ.

ಅವರೊಡನೆ ಮಾತನಾಡಬೇಕಾದುದು ಎರಡು ಸಂಗತಿ. ಮೊದಲನೆಯದು, ಜನ ಹೆಚ್ಚಾದಷ್ಟೂ ಊರಿನ ಆದಾಯ ಹೆಚ್ಚುತ್ತದೆ ಎಂಬುದು ನಿಶ್ಚಿತವಲ್ಲ. ನಗರದಿಂದಲೇ ವಾಹನ, ಊಟ, ಮಾರ್ಗದರ್ಶಕರನ್ನು ಹೊಂದಿಸಿಕೊಂಡು ಬಂದು ಒಂದೇ ದಿನದಲ್ಲಿ ಮರಳುವ ತಂಡ ಊರಿಗೆ ಬಿಟ್ಟುಹೋಗುವುದು ಕಸವನ್ನು ಮಾತ್ರ. ಊರಿನ ಮಾರ್ಗದರ್ಶಕನೊಡನೆ ನಡೆದು, ಊರಿನಲ್ಲೇ ಎರಡು ರಾತ್ರಿ ತಂಗುವ ಹತ್ತು ಮಂದಿ ಅಂಥ ನೂರು ಮಂದಿಗಿಂತ ಮೇಲು. ಕೇರಳದ ಪೆರಿಯಾರ್‌ನಲ್ಲಿ 1990ರ ದಶಕದ ಕೊನೆಯಲ್ಲಿ, ಕಾಡಿನಿಂದ ಕಾಡುದಾಲ್ಚಿನ್ನಿಯ ತೊಗಟೆಯನ್ನು ಕದ್ದು ಸಾಗಿಸುತ್ತಿದ್ದವರನ್ನೇ ಸಂಘಟಿಸಿ ಮಾರ್ಗದರ್ಶಕರನ್ನಾಗಿ, ಕಾವಲುಗಾರರನ್ನಾಗಿ ಮಾಡಲಾಯಿತು. ಅಲ್ಲಿ ಚಿಕ್ಕ ತಂಡಗಳ ಕಾಲ್ನಡಿಗೆಯೇ ಆದಾಯದ ಮೂಲವಾಯಿತು. ಕಾಡನ್ನು ಬಲ್ಲವನ ತಿಳಿವಳಿಕೆಗೆ ಬೆಲೆ ಬಂದಾಗ ಸಂಖ್ಯೆಯನ್ನು ಹಿಗ್ಗಿಸುವ ಅಗತ್ಯ ತಗ್ಗುತ್ತದೆ.

ಎರಡನೆಯದು, ಪ್ರವಾಸೋದ್ಯಮವನ್ನು ಉಪಬೆಳೆಯಾಗಿ ಬೆಳೆಯಬಹುದೇ ಹೊರತು ಏಕಬೆಳೆಯಾಗಿ ಅಲ್ಲ. 2020 ಮತ್ತು 2021ರಲ್ಲಿ ಕೋವಿಡ್ ಬಾಗಿಲು ಮುಚ್ಚಿಸಿದಾಗ, ತೋಟವನ್ನು ಕಡೆಗಣಿಸಿ ಸಾಲ ಮಾಡಿ ಕೋಣೆ ಕಟ್ಟಿಸಿದವರು ತತ್ತರಿಸಿದರು. ಕಾಳುಮೆಣಸು, ಜೇನು, ಹೈನು, ಜೊತೆಗೆ ಎರಡು ಕೋಣೆ ಇದ್ದವರು ಹೇಗೋ ದಾಟಿದರು. ಹಾಗೆಯೇ ಅತಿಥಿಗೃಹದ ಶೌಚದ ನೀರು ತೊರೆಗೆ ಸೇರುವ ಊರಿನಲ್ಲಿ ಪ್ರವಾಸೋದ್ಯಮ ತನ್ನ ಬೇರನ್ನು ತಾನೇ ಕೊಯ್ದುಕೊಳ್ಳುತ್ತದೆ.

ಕೇಳಬೇಕಾದ ಪ್ರಶ್ನೆಗಳು

ಈ ವಿಷಯಕ್ಕೆ ಈಗ ಹೆಚ್ಚಿನ ತುರ್ತು ಒದಗಿದೆ. 2023ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆಗೆ ಆದ ತಿದ್ದುಪಡಿಯು, ಅರಣ್ಯದ ಕಾರ್ಯಯೋಜನೆಯಲ್ಲಿ ಅಥವಾ ವನ್ಯಜೀವಿ ನಿರ್ವಹಣಾ ಯೋಜನೆಯಲ್ಲಿ ಸೇರಿದ ಪರಿಸರ ಪ್ರವಾಸೋದ್ಯಮ ಸೌಲಭ್ಯಗಳನ್ನು ಅರಣ್ಯೇತರ ಬಳಕೆ ಎಂಬ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಅಂದರೆ ಹಿಂದೆ ಪರವಾನಗಿಯ ಹಂತದಲ್ಲಿ ನಡೆಯಬಹುದಾಗಿದ್ದ ಪರಿಶೀಲನೆ ಈಗ ಯೋಜನೆ ಬರೆಯುವ ಹಂತದಲ್ಲೇ ನಡೆಯಬೇಕು. ಯೋಜನೆಯಲ್ಲಿ ಒಂದು ಸಾಲು ಸೇರಿತೆಂದರೆ ಕಟ್ಟಡಕ್ಕೆ ದಾರಿಯಾದಂತೆ. 2006ರ ಅರಣ್ಯ ಹಕ್ಕು ಕಾಯ್ದೆಯು ಹಕ್ಕುದಾರರಿಗೂ ಗ್ರಾಮಸಭೆಗೂ ಕಾಡು, ಜಲಮೂಲ, ವನ್ಯಜೀವಿಗಳನ್ನು ಕಾಯುವ ಅಧಿಕಾರ ನೀಡಿದೆ. ಆ ಅಧಿಕಾರವನ್ನು ಬಳಸಿ ಪ್ರತಿ ಪ್ರವಾಸೋದ್ಯಮ ಯೋಜನೆಯ ಮುಂದೆ ಐದು ಪ್ರಶ್ನೆಗಳನ್ನಿಡಬಹುದು.

ಒಂದು, ಈ ಪಥದ ಅತ್ಯಂತ ದುರ್ಬಲ ತಿಂಗಳು ಯಾವುದು, ಆ ತಿಂಗಳಿಗೆ ನಿಗದಿಯಾದ ಸಂಖ್ಯೆ ಎಷ್ಟು? ಎರಡು, ಆ ಸಂಖ್ಯೆಯನ್ನು ಲೆಕ್ಕಹಾಕಿದ ಬಗೆ ಸಾರ್ವಜನಿಕರಿಗೆ ಲಭ್ಯವಿದೆಯೇ? ಮೂರು, ಈ ಬೇಡಿಕೆಯಲ್ಲಿ ಎಷ್ಟು ಪಾಲನ್ನು ರಕ್ಷಿತ ಅರಣ್ಯದ ಹೊರಗೆ ಪೂರೈಸಬಹುದು? ನಾಲ್ಕು, ಪ್ರವಾಸಿಗ ವ್ಯಯಿಸುವ ನೂರು ರೂಪಾಯಿಯಲ್ಲಿ ಊರಿನಲ್ಲಿ ಉಳಿಯುವುದೆಷ್ಟು, ಪಥದ ದುರಸ್ತಿಗೆ ಮರಳುವುದೆಷ್ಟು? ಐದು, ಸೂಚಕಗಳು ಮಿತಿ ಮೀರಿದಾಗ ಬಾಗಿಲು ಮುಚ್ಚುವ ಅಧಿಕಾರ ಯಾರಿಗಿದೆ, ಅವರು ಅದನ್ನು ಬಳಸುವರೇ?

ಈ ಐದಕ್ಕೂ ಸ್ಪಷ್ಟ ಉತ್ತರವಿರುವ ಯೋಜನೆಯನ್ನು ಮಲೆನಾಡು ವಿರೋಧಿಸಬೇಕಾದ ಕಾರಣವಿಲ್ಲ. ಬೆಟ್ಟ ಹತ್ತಿ ಬಂದ ಮಗು ಸಿಂಗಳೀಕವನ್ನು ಕಂಡು ಬೆರಗಾಗುವುದರಿಂದ ಕಾಡಿಗೆ ಹೊಸ ಸ್ನೇಹಿತನೊಬ್ಬ ಸಿಗುತ್ತಾನೆ. ಆ ಬೆರಗು ಮುಂದಿನ ತಲೆಮಾರಿನ ಮಕ್ಕಳಿಗೂ ಉಳಿಯಬೇಕಾದರೆ, ಎಷ್ಟು ಮಂದಿ ಬರುತ್ತಾರೆಂಬ ಎಣಿಕೆಗೆ ಮುನ್ನ ಬೆಟ್ಟ ಎಷ್ಟು ಮಂದಿಯನ್ನು ತಾಳಬಲ್ಲದೆಂಬ ಎಣಿಕೆ ಮುಗಿದಿರಬೇಕು. ಗೊಣಬೆಯನ್ನು ನೋಡಿ ದನ ಕಟ್ಟುವ ಕೃಷಿಕನಿಗೆ ಈ ಲೆಕ್ಕ ಹೊಸದಲ್ಲ. ಯೋಜನೆ ಬರೆಯುವವರು ಅವನ ಅಂಗಳಕ್ಕೊಮ್ಮೆ ಬಂದು ಕೇಳಬೇಕಿದೆ.